ಕುರಿಮರಿಗೆ ಹಸಿವಾದ ದಿನ

ಹೊಳೆಯ ದಂಡೆಯ ಮೇಲೆ ಒಂದು ಚಿಕ್ಕ ಮಠವಿತ್ತು. ಅಲ್ಲಿ ನಿರುಪಾದಜ್ಜನೆಂಬ ಗುರು, ಅಡಿವೆಯ್ಯನೆಂಬ ಶಿಷ್ಯ.

ಊರೊಳಗಿಂದ ಭಿಕ್ಷೆ ತರುವುದು, ಮಠಕ್ಕೆ ಬಂದವರಿಗೆಲ್ಲ ಬಡಿಸುವುದು ಅಡಿವೆಯ್ಯನ ಕೆಲಸ. ಹನ್ನೆರಡು ವರ್ಷ ಅದನ್ನೇ ಸಂತೋಷದಿಂದ ಮಾಡಿದ. ಒಂದು ದಿನ ಯಾಕೋ ಬೇಸರ ಬಂತು.

“ಅಜ್ಜಾರ, ಮುಂಜಾನೆ ಉಂಡಿದ್ದು ಸಂಜಿಗೆ ಇರೂದಿಲ್ಲ. ಸಂಜಿಗೆ ಉಂಡಿದ್ದು ಮುಂಜಾನಿಗೆ ಇರೂದಿಲ್ಲ. ಇಷ್ಟು ವರ್ಷ ತಿಂದ ರೊಟ್ಟಿ ಎಲ್ಲಿಗೆ ಹೋತ್ರಿ?”

ಅಜ್ಜ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ.

“ತಡಿ, ಈಗರ ಒಂದು ಒಳಗ ಹೋಗೇತಿ. ಎಲ್ಲಿಗೆ ಹೊಂಟಿ ಅಂತ ಅದನ್ನ ಕೇಳಿ ಹೇಳ್ತೀನಿ.”

ಅಡಿವೆಯ್ಯನಿಗೆ ಸಿಟ್ಟು ಬಂತು. ತಾನು ಜೀವನ್ಮರಣದ ಪ್ರಶ್ನೆ ಕೇಳಿದರೆ ಅಜ್ಜನಿಗೆ ಚೇಷ್ಟೆ! ಹೊಟ್ಟೆ ತುಂಬಿಸುವುದರಲ್ಲೇ ಜನ್ಮ ಮುಗಿಯುತ್ತದೆ, ಹಸಿವನ್ನೇ ಗೆದ್ದರೆ ಎಲ್ಲ ಗೆದ್ದಂತೆ ಎಂದು ತಾನೇ ತೀರ್ಮಾನ ಮಾಡಿಕೊಂಡ. ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು ಅನ್ನುವ ಮಾತು ಸುಳ್ಳಲ್ಲ.

ಎಲ್ಲರೂ ಉಂಡು ಎದ್ದ ಮೇಲೆ ಬಡಿಸಿದವನು ಉಣ್ಣುವುದು ಆ ಮಠದ ರೂಢಿ. ಹಾಗಾಗಿ ಅವನು ಉಂಡನೋ ಬಿಟ್ಟನೋ ನೋಡುವವರು ಯಾರೂ ಇರಲಿಲ್ಲ. ತನ್ನ ಪಾಲಿನ ರೊಟ್ಟಿಯನ್ನು ಹೊಳೆಯ ಮೀನುಗಳಿಗೆ ಹಾಕಿ ಮೂರು ದಿನ ಬರೀ ನೀರು ಕುಡಿದ.

ಮೂರನೆಯ ದಿನ ಹಸಿವು ಸುಮ್ಮನಾಯಿತು. ಕೈಕಾಲು ತಣ್ಣಗಾಗಿದ್ದವು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಆದರೂ ಗೆದ್ದೆನೆಂಬ ಹಿಗ್ಗು.

ನಾಲ್ಕನೆಯ ದಿನ ಮುಂಜಾನೆ ವಿಪರೀತ ಚಳಿ. ಮಠದ ಪಕ್ಕದ ಹೊಲದಲ್ಲಿ ಕುರಿಹಿಂಡು ತಂಗಿತ್ತು. ಕುರಿ ಕಾಯುವ ಬೀರವ್ವ ಅಲ್ಲಿಂದ ಓಡಿ ಬಂದಳು. ಅವಳ ಕೈಯಲ್ಲಿ ಆಗಷ್ಟೇ ಹುಟ್ಟಿದ ಒಂದು ಮರಿ.

“ಯಣ್ಣಾ, ಇದರ ತಾಯಿ ಈದ ಕೂಡ್ಲೆ ಸತ್ತೋತು. ಇನ್ನೂ ಎರಡು ಕುರಿ ಈಯಾಕ ಹತ್ಯಾವು, ನನಗ ಕೈ ಬಿಡುವಿಲ್ಲ. ಇದನ್ನೊಂದೀಟು ಬೆಚ್ಚಗ ಇಟ್ಕೊಳ್ರಿ.”

“ಹಾಲು ಕುಡಸ್ಲೇನು?”

“ಬ್ಯಾರೆ ಕುರಿಗೆ ಹಚ್ಚಿ ನೋಡೀನಿ, ಬಾಯಿ ಹಾಕವಲ್ದು. ಥಂಡಿ ಹಿಡದ ಮರಿಗೆ ಹಸಿವಾಗೂದಿಲ್ಲ. ಹಸಿವಾಗಲಿಲ್ಲಂದ್ರ ಅದು ಉಳಿಯೂದಿಲ್ಲ.”

“ಒಲಿ ಮುಂದ ಇಡ್ತೀನಿ ತಾ.”

“ಬ್ಯಾಡ್ರಿ! ಹ್ವಾದ ವರ್ಷ ಒಂದನ್ನ ಹಂಗ ಇಟ್ಟಿದ್ದೆ. ಒಂದು ಮಗ್ಗಲ ಸುಟ್ಟಿತು, ಇನ್ನೊಂದು ಮಗ್ಗಲ ಥಂಡಿನ ಇತ್ತು. ಎದಿಗೆ ಅವಚಿ ಹಿಡೀರಿ. ಅದಕ್ಕ ಮೈಕಾವು ಬೇಕು.”

ಅಷ್ಟು ಹೇಳಿ ಬೀರವ್ವ ಬಂದಷ್ಟೇ ಬೇಗ ಹೊರಟುಹೋದಳು.

ಅಡಿವೆಯ್ಯ ಮರಿಯನ್ನು ಬರಿ ಎದೆಗೆ ಒತ್ತಿ ಹಿಡಿದು, ಮೇಲೆ ಕಂಬಳಿ ಹೊದ್ದು ಕುಳಿತ. ಮರಿ ನಡುಗುತ್ತಿತ್ತು. ತುಸು ಹೊತ್ತಿಗೆ ನಡುಗುವುದೂ ನಿಂತಿತು. ಅದರ ಮೈ ತಿಕ್ಕಲು ಹೋದ, ಇವನ ಬೆರಳುಗಳೇ ಸೆಟೆದಿದ್ದವು. ಗಾಬರಿಯಾಗಿ ಕೂಗಿದ.

“ಅಜ್ಜಾರ, ಬರ್ರಿ! ಇದು ಬೆಚ್ಚಗಾಗವಲ್ದು!”

ಅಜ್ಜ ಬಂದ. ಮರಿಯ ಹೊಟ್ಟೆ ಮುಟ್ಟಿದ. ಆಮೇಲೆ ಶಿಷ್ಯನ ಎದೆ ಮುಟ್ಟಿದ.

“ಅದೂ ತಣ್ಣಗೈತಿ, ನೀನೂ ತಣ್ಣಗದಿ. ನಿಮ್ಮಿಬ್ಬರೊಳಗ ಯಾರಿಗೆ ಯಾರು ಕಾವು ಕೊಡೋರಪಾ?”

ಅಡಿವೆಯ್ಯ ತಲೆ ತಗ್ಗಿಸಿದ.

“ಮೂರು ದಿನ ಆತ್ರಿ, ನಾ ಉಂಡಿಲ್ಲ.”

“ಗೊತ್ತೈತಿ. ಹೊಳ್ಯಾಗಿನ ಮೀನು ದಪ್ಪ ಆಗ್ಯಾವು.”

“ಹಸಿವು ಗೆದ್ದೆ ಅಂದ್ಕೊಂಡಿದ್ನಿ, ಅಜ್ಜಾರ.”

ಅಜ್ಜ ಮರಿಯ ಕಡೆ ಬೆರಳು ಮಾಡಿದ.

“ಇದೂ ಗೆದ್ದೈತಿ ನೋಡು.”

ಅಡಿವೆಯ್ಯನ ಕಣ್ಣಲ್ಲಿ ನೀರು ಬಂತು. ಈ ಹಸುಳೆ ತನ್ನ ಎದೆಯ ಮೇಲೇ ಸಾಯುತ್ತದಲ್ಲ ಎಂದು ಅವನಿಗೆ ತಡೆಯಲಾಗದ ಸಂಕಟವಾಯಿತು.

“ನೀವ ತೊಗೋಳ್ರಿ ಇದನ್ನ, ನಿಮ್ಮ ಮೈ ಬೆಚ್ಚಗೈತಿ.”

“ನನ್ನ ಮುದಿ ಮೈಯಾಗ ಎಷ್ಟು ಕಾವು ಇದ್ದೀತು? ನೀ ಉಣ್ಣೂತನಕ ಹಿಡಕೋತೀನಿ. ಅಡಗಿ ಮನ್ಯಾಗ ಬಿಸಿ ಅಂಬಲಿ ಐತಿ, ಬೆಲ್ಲ ಹಾಕ್ಕೊಂಡು ಕುಡಿ. ರೊಟ್ಟಿಗೆ ಕೈ ಹಾಕಬ್ಯಾಡ, ಉಪಾಸ ಇದ್ದ ಹೊಟ್ಟಿ ಅದು.”

ಅಡಿವೆಯ್ಯ ಓಡಿದ. ನಾಲಿಗೆ ಸುಟ್ಟರೂ ಲೆಕ್ಕಿಸದೆ ಒಂದು ಬಟ್ಟಲು ಅಂಬಲಿ ಕುಡಿದು ಬಂದ. ಮರಿಯನ್ನು ಮತ್ತೆ ಎದೆಗವಚಿ ಕುಳಿತುಕೊಳ್ಳಹೋದ.

“ಕುಂದರಬ್ಯಾಡ, ನಡಿ,” ಎಂದ ಅಜ್ಜ. “ನೀ ಕುಂತ್ರ ಅಂಬಲಿನೂ ಕುಂದರತೈತಿ.”

ಮಠದ ಬಾಗಿಲಿಂದ ಹೊಳೆಯ ಮೆಟ್ಟಿಲತನಕ, ಮೆಟ್ಟಿಲಿಂದ ಬಾಗಿಲತನಕ ಅಡಿವೆಯ್ಯ ನಡೆದ. ಅಜ್ಜ ಕಟ್ಟೆಯ ಮೇಲೆ ಕುಳಿತು, ಅವನು ಎದುರಿಗೆ ಬಂದಾಗಲೆಲ್ಲ ಕೇಳತೊಡಗಿದ.

“ಅಂಬಲಿ ಎಲ್ಲಿಗೆ ಬಂತೋ?”

“ಇನ್ನೂ ಹೊಟ್ಟ್ಯಾಗ ಐತ್ರಿ.”

ಮತ್ತೆ ಅರ್ಧ ಬಟ್ಟಲು ಕುಡಿಸಿ ಅಟ್ಟಿದ.

“ಈಗ?”

“ಕಾಲಿಗೆ ಬಂತ್ರಿ. ಕಾಲು ನಡುಗೂದು ನಿಂತೈತಿ.”

ಹೊಳೆಯ ಆಚೆ ಬಿಸಿಲು ಮೂಡಿತು. ಅಡಿವೆಯ್ಯ ಬಿರಬಿರನೆ ನಡೆಯುತ್ತಿದ್ದ.

“ಈಗ ಎಲ್ಲೈತಿ?”

“ಕಿವಿಗೆ ಬಂತ್ರಿ ಅಜ್ಜಾರ! ಕಿವಿ ಬಿಸಿ ಆಗ್ಯಾವು!”

ಹೇಳಿ ತಾನೇ ನಕ್ಕ. ಅವನ ಹಣೆಯ ಮೇಲೆ ಬೆವರಿತ್ತು, ಎದೆ ಹದವಾಗಿ ಕಾದಿತ್ತು. ಎಷ್ಟೋ ದಿನಗಳಿಂದ ಅವನು ಹಾಗೆ ನಕ್ಕಿರಲಿಲ್ಲ.

“ಈಗ?”

ಅಡಿವೆಯ್ಯ ಅಂಗಳದ ನಡುವೆ ನಿಂತುಬಿಟ್ಟಿದ್ದ.

“ಅಜ್ಜಾರ, ಮರಿ ಮತ್ತ ನಡುಗಾಕ ಹತ್ತೇತಿ.”

“ನಡುಗಲಿ ಬಿಡು. ಈಗ ಅದು ತನ್ನ ಒಲಿ ತಾನ ಹಚ್ಚಾಕ ಹತ್ತೇತಿ.”

ಕಂಬಳಿಯೊಳಗೆ ಮರಿ ಮಿಸುಕಾಡಿತು. ಮೂತಿಯಿಂದ ಅವನ ಎದೆಯನ್ನು ಅಲ್ಲಿ ಇಲ್ಲಿ ಗುದ್ದಿ ಏನನ್ನೋ ಹುಡುಕಿತು. ಅವನ ಹೆಬ್ಬೆರಳು ಸಿಕ್ಕಿತು. ಚಪ್ಪರಿಸಿ ಚೀಪತೊಡಗಿತು.

ಅಡಿವೆಯ್ಯ ಜಿಗಿದ. ಮರಿಯನ್ನು ಅವಚಿಕೊಂಡೇ ಅಂಗಳದ ತುಂಬ ಕುಣಿದಾಡಿದ. ನೀರಿಗೆ ಬಂದಿದ್ದ ಹೆಂಗಸರು ಕೊಡ ಇಳಿಸಿ ನೋಡುತ್ತ ನಿಂತರು.

“ಬಂತ್ರೀ! ಹಸಿವು ಬಂತ್ರೀ ಅಜ್ಜಾರ! ಬೀರವ್ವಾ, ಇದಕ್ಕ ಹಸಿವು ಬಂತು!”

ಅಜ್ಜ ಕಟ್ಟೆಯಿಂದ ಎದ್ದು ನಿಂತ. ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು ಆ ಕಂಬಳಿಯ ಗಂಟಿಗೆ ಎರಡೂ ಕೈ ಜೋಡಿಸಿದ.

“ಬಂದವರನ್ನ ಬಾಗಲಾಗ ನಿಂದರಿಸಿ ಕುಣೀತಾರೇನೋ, ಹುಚ್ಚಾ? ಓಡು, ಹಾಲು ತಾ.”