ಹಗ್ಗ ನೆನೆಸಿದ ಅಕ್ಕಣಿಯ ಕಥೆ

ದೀಪದ ಬತ್ತಿ ಮುಂದೆ ತಳ್ಳಿ, ಕಾಲು ಮಡಚಿ, ಕೈಯಲ್ಲಿ ನಾಲ್ಕು ಅಕ್ಷತೆ ಹಿಡಿದು ಕುಳಿತುಕೊಳ್ಳಿರಿ. ನೂಲಹುಣ್ಣಿಮೆಯ ಈ ಸಾಯಂಕಾಲ ಕಡಲಮ್ಮನ ಹಗ್ಗದ ವ್ರತದ ಕಥೆಯನ್ನು ಓದುವುದು, ಕೇಳುವುದು ಹಿರಿಯರಿಂದ ನಡೆದುಬಂದದ್ದು. ಕೇಳುವವರು ನಡುವೆ ಎದ್ದು ಹೋಗಬಾರದು, ಪಾಯಸ ಉಕ್ಕಿತೇನೋ ಎಂದು ಒಲೆಯ ಕಡೆ ಕತ್ತು ಚಾಚಬಾರದು. ಹೇಳಿದ್ದನ್ನೆಲ್ಲ ಕೇಳಿ ತಲೆಯಾಡಿಸಿ, ಕೊನೆಗೆ ತನಗೆ ತೋರಿದ್ದನ್ನೇ ಮಾಡುವವನೊಬ್ಬ ಈ ಕಥೆಯಲ್ಲಿದ್ದಾನೆ. ಅಂಥವರು ಇಲ್ಲಿಯೂ ಇದ್ದರೆ ಇನ್ನಷ್ಟು ಹತ್ತಿರ ಬಂದು ಕುಳಿತುಕೊಳ್ಳಲಿ.

ಪಶ್ಚಿಮ ಸಮುದ್ರದ ತೀರದಲ್ಲಿ, ಹೊಳೆಯೊಂದು ಕಡಲು ಸೇರುವ ಅಳಿವೆಯ ಬಾಯಿಯಲ್ಲಿ, ಈರಯ್ಯನೆಂಬ ತಂಡೇಲನು ಇದ್ದನು. ತಂಡೇಲನೆಂದರೆ ದೋಣಿಯ ಯಜಮಾನ. ಚುಕ್ಕಾಣಿಯೂ ಅವನದೇ, ಕೊನೆಯ ಮಾತೂ ಅವನದೇ. ಅವನ ಹೆಂಡತಿಯ ಹೆಸರು ಅಕ್ಕಣಿ. ತಾಯಿಯಿಲ್ಲದ ತಮ್ಮ ದಾಸನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ಮದುವೆ ಮಾಡಿಸಿ, ಗಂಡನ ದೋಣಿಗೆ ಹತ್ತಿಸಿದವಳು ಅವಳೇ. ಮಳೆಗಾಲ ಕಳೆದ ಮೇಲೆ ಈರಯ್ಯ, ದಾಸ, ಇನ್ನಿಬ್ಬರು ಆಳುಗಳು ಸಣ್ಣ ಹಾಯಿದೋಣಿಯಲ್ಲಿ ಅಕ್ಕಿಮುಡಿಗಳನ್ನು ಹೇರಿಕೊಂಡು, ಎಂಟು ಹಗಲಿನ ದಾರಿಯಾಚೆಯ ದ್ವೀಪಕ್ಕೆ ಹೋಗಿ, ಕೊಬ್ಬರಿ ತುಂಬಿಕೊಂಡು ಬರುತ್ತಿದ್ದರು.

ಹೀಗಿರಲು ಈರಯ್ಯನಿಗೆ ತನ್ನ ತೋಳಿನ ಮೇಲೆ ಬಹಳ ಗರ್ವವಿತ್ತು. ಹುಣ್ಣಿಮೆಯಂದು ಊರವರೆಲ್ಲ ಕಡಲಿಗೆ ತೆಂಗಿನಕಾಯಿ ಬಿಟ್ಟು ಕೈಮುಗಿದರೆ, ಇವನು ತನ್ನ ಪಾಲಿನ ಕಾಯಿಯನ್ನು ಚಟ್ನಿಗೆ ಒಡೆಸುವನು. ಹಾಗೆ ಒಂದು ವರ್ಷ ಚಟ್ನಿ ತಿಂದು ಹೊರಟವನಿಗೆ ನಾಲ್ಕನೆಯ ದಿನ ಬಿರುಗಾಳಿ ಎದುರಾಗಲು, ಹಾಯಿ ಇಳಿಸಿರಿ ಎಂದು ಆಳುಗಳು ಕೂಗಿದರೂ ಕೇಳದೆ, ಗಾಳಿಗಿಂತ ಮುಂದೆ ಓಡುವೆನೆಂದು ಹೊರಟು, ಹಾಯಿಕಂಬ ಮುರಿದು, ಅಕ್ಕಿಯೆಲ್ಲ ಉಪ್ಪುನೀರು ಕುಡಿದು, ಹುಟ್ಟು ಹಾಕಿ ಹಾಕಿ ಅಂಗೈ ಸುಲಿದುಕೊಂಡು ಹಿಂದಿರುಗಿದನು. ಅಕ್ಕಣಿಯು ತಮ್ಮನ ಕೈಗೆ ಎಣ್ಣೆ ಹಚ್ಚುತ್ತ ಗಂಡನನ್ನು ಏನೆಂದಳೋ ಅದನ್ನು ದೀಪದ ಮುಂದೆ ಓದುವ ಹಾಗಿಲ್ಲ.

ಆ ಸಮಯದಲ್ಲಿ ಒಣಮೀನಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಅಂಗಳಕ್ಕೆ ಬಂದು, ನೀರು ಬೇಡಿ ಕುಡಿದು, ನಡೆದದ್ದನ್ನು ಕೇಳಿ, ಹಗ್ಗದ ವ್ರತವನ್ನು ಹೇಳಿಕೊಟ್ಟಳು. ನೂಲಹುಣ್ಣಿಮೆಯಂದು ಮನೆಯ ಹೆಂಗಸು ನಲವತ್ತು ಮಾರು ಉದ್ದದ ಹೊಸ ತೆಂಗಿನ ನಾರಿನ ಹಗ್ಗ ಹೊಸೆದು, ತುದಿಗೆ ಏಳು ಬೆತ್ತದ ಬುಟ್ಟಿಗಳನ್ನು ಕೆಂಪು ನೂಲಿನಿಂದ ಬಿಗಿದು, ಅರಿಶಿನ ಹಚ್ಚಿ ಪೂಜಿಸಬೇಕು. ಆಮೇಲೆ ಅದು ದೋಣಿಯಲ್ಲಿ ಹೋಗಬೇಕು. ಬಾನು ಕಪ್ಪಾದ ಕೂಡಲೇ ಹಾಯಿ ಇಳಿಸಿ, ಸರಕನ್ನು ಬಿಗಿದು, ಹೊಟ್ಟೆಗೆ ಅವಲಕ್ಕಿ ಹಾಕಿಕೊಂಡು, ದೋಣಿಯ ಮೂತಿಯಿಂದ ಹಗ್ಗವನ್ನು ನೀರಿಗೆ ಬಿಡಬೇಕು. ಬುಟ್ಟಿಗಳು ನೀರು ತುಂಬಿ ಜಗ್ಗಿ ಹಿಡಿಯುತ್ತವೆ, ದೋಣಿ ಅಲೆಗೆ ಮುಖ ಕೊಟ್ಟು ನಿಲ್ಲುತ್ತದೆ. ಹೆದರಿ ದಡದ ಕಡೆ ಓಡದೆ, ಸರದಿಯ ಮೇಲೆ ನೀರು ಮೊಗೆಯುತ್ತ ಕಾಯಬೇಕು. ಇಷ್ಟನ್ನು ಹೇಳಿ, ಇದರಲ್ಲಿ ತಿಳಿಯದ್ದು ಏನಾದರೂ ಇದೆಯೇ ಎಂದು ಎರಡು ಸಲ ಕೇಳಿ, ಎರಡು ಸಲವೂ ಈರಯ್ಯನು ಇಲ್ಲವೆಂದು ತಲೆಯಾಡಿಸಲು, ಮುದುಕಿಯು ಹೊರಟುಹೋದಳು.

ಈರಯ್ಯನಿಗೆ ನಡುದಾರಿ ಎಂಬುದು ಗೊತ್ತಿರಲಿಲ್ಲ. ಮೊದಲು ಕಡಲಿಗೆ ಒಂದು ತೆಂಗಿನಕಾಯಿಯನ್ನೂ ಬಿಡದಿದ್ದವನು ಈಗ ಭಕ್ತಿಯಲ್ಲಿ ಮುಳುಗಿಯೇ ಹೋದನು. ಮುಂದಿನ ನೂಲಹುಣ್ಣಿಮೆಗೆ ಅಕ್ಕಣಿ ಹೊಸೆದ ಹಗ್ಗಕ್ಕೆ ಬೆಳ್ಳಿಯ ಗೆಜ್ಜೆ ಕಟ್ಟಿಸಿದನು, ಪಟ್ಟೆಯ ವಸ್ತ್ರ ಹೊದಿಸಿದನು, ಬೆಳಗ್ಗೆ ಸಾಯಂಕಾಲ ಆರತಿ ಎತ್ತಿದನು. ಹೊರಡುವ ದಿನ ಅಕ್ಕಣಿಯು ಹಗ್ಗವನ್ನು ದೋಣಿಗೆ ಹೊರಿಸಲು ನೋಡಿದರೆ, ಮೀನು ನಾರುವ ದೋಣಿಯಲ್ಲಿ, ಆಳುಗಳ ಕಾಲಡಿಯಲ್ಲಿ ದೇವರ ಹಗ್ಗವೇ ಎಂದು ಕಣ್ಣು ಕೆಂಪಗೆ ಮಾಡಿ, ಅದನ್ನು ದೇವರ ಕೋಣೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದನು. ಬಿರುಗಾಳಿ ಬಂತು. ದೋಣಿ ಅಡ್ಡ ತಿರುಗಿ ನೀರು ತುಂಬಿಕೊಂಡಿತು. ಹತ್ತೊಂಬತ್ತು ದಿನ ದಿಕ್ಕು ತಪ್ಪಿ ತೇಲಿ, ಅವರು ದಡ ಮುಟ್ಟಿದಾಗ ದಾಸನು ಎಲುಬಿನ ಗೂಡಾಗಿದ್ದನು, ಅಕ್ಕನ ಗುರುತು ಹಿಡಿಯಲು ಅವನಿಗೆ ಮೂರು ದಿನ ಬೇಕಾಯಿತು.

ಅಕ್ಕಣಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಹಗ್ಗ ಹೊಸೆದು ಬೆರಳು ಒಡೆದುಕೊಂಡದ್ದಕ್ಕೆ ಇದೇ ಫಲವೇ ಎಂದು ಕಡಲಿನ ಮುಂದೆ ನಿಂತು ಅವಳು ಕಡಲಮ್ಮನನ್ನೇ ಬೈಯುತ್ತಿರಲಾಗಿ, ಅದೇ ಮುದುಕಿಯು ಬಂದು ಬುಟ್ಟಿ ಇಳಿಸಿದಳು.

"ಹಗ್ಗ ಎಲ್ಲಿತ್ತ್ ಮಗಾ?"

"ದೇವ್ರ್ ಕೋಣಿಯಗಿತ್ತ್ ಅಜ್ಜಿ."

"ಕೋಣಿಯಗೆ ಅಲೆ ಬತ್ತಾ?"

ಮುದುಕಿಯು ಹಣೆ ಹಣೆ ಬಡಿದುಕೊಂಡು, ನಿಮ್ಮಂಥವರನ್ನು ಕಾಯುವುದೇ ನನ್ನ ಹಣೆಬರಹವಾಯಿತಲ್ಲ ಎಂದು ಗೊಣಗುತ್ತ ಹೋದಳು. ಅವಳು ಯಾರೆಂದು ಆಗಲೇ ಅಕ್ಕಣಿಗೆ ಅರ್ಧ ತಿಳಿದಿತ್ತು.

ಮರುವರ್ಷ ನೂಲಹುಣ್ಣಿಮೆಗೆ ಅವಳು ಮತ್ತೆ ಹೊಸ ಹಗ್ಗ ಹೊಸೆದಳು. ಈರಯ್ಯನು ಮತ್ತೆ ಗೆಜ್ಜೆ ಕಟ್ಟಿ ಪಟ್ಟೆ ಹೊದಿಸಿದನು, ಮತ್ತೆ ಬೀಗ ಹುಡುಕಿದನು. ಹೊರಡುವ ಬೆಳಗ್ಗೆ ಅಕ್ಕಣಿಯು ಸೆರಗು ಬಿಗಿದು, ಹಗ್ಗವನ್ನು ಹೆಗಲಿಗೇರಿಸಿ ದೋಣಿ ಹತ್ತಿ, ಅದನ್ನು ಸುರುಳಿ ಸುತ್ತಿ ಅದರ ಮೇಲೆಯೇ ಕುಳಿತುಬಿಟ್ಟಳು. ಹೆಂಗಸು ದೋಣಿ ಹತ್ತುವುದುಂಟೇ ಎಂದರು, ಇಳಿಯಲಿಲ್ಲ. ದೇವರ ಹಗ್ಗದ ಮೇಲೆ ಕೂರುವುದುಂಟೇ ಎಂದರು, ಆಗಲೂ ಏಳಲಿಲ್ಲ. ದೋಣಿಯನ್ನು ಕಡಲಿಗೆ ಒಯ್ಯುವ ನೀರಿನ ಇಳಿತ ತಪ್ಪುತ್ತದೆಂದು ಕೊನೆಗೆ ಅವಳನ್ನು ಕೂರಿಸಿಕೊಂಡೇ ಹೊರಟರು.

ಐದನೆಯ ದಿನ ಮಧ್ಯಾಹ್ನ ಪಡುವಣದಲ್ಲಿ ಬಾನು ಮಸಿ ಬಳಿದ ಹಾಗಾಯಿತು. ಅಕ್ಕಣಿ ಹೇಳುವ ಮೊದಲೇ ಆಳುಗಳು ಹಾಯಿ ಇಳಿಸಿದರು, ಅಕ್ಕಿಮುಡಿಗಳನ್ನು ಬಿಗಿದರು. ಅವಳು ಎಲ್ಲರ ಬಾಯಿಗೂ ಬೆಲ್ಲ ಕಲಸಿದ ಅವಲಕ್ಕಿ ತುರುಕಿದಳು. ಅಷ್ಟರಲ್ಲಿ ಗಾಳಿ ಬಂದು ದೋಣಿಯನ್ನು ಅಡ್ಡ ತಿರುಗಿಸಿ ಹಿಡಿಯಿತು. ನೀರು ಮೊಗೆಯುತ್ತಿದ್ದ ದಾಸನನ್ನು ಒಂದು ಅಲೆ ಎತ್ತಿ ಅಂಚಿನಾಚೆ ಚೆಲ್ಲಲು, ಅವನ ಒಂದು ಕೈ ಮಾತ್ರ ಹಲಗೆಯಲ್ಲಿ ಉಳಿಯಿತು. ಆಳುಗಳು ಆ ಕೈ ಹಿಡಿದು ಎಳೆಯುತ್ತಿರಲು, ಅಕ್ಕಣಿಯು ಹಗ್ಗವನ್ನು ಮೂತಿಗೆ ಎಳೆದು ಬಿಗಿದಳು. ಈರಯ್ಯನು ಚುಕ್ಕಾಣಿಯನ್ನು ಬಿಟ್ಟು ಓಡಿಬಂದು ಬುಟ್ಟಿಗಳನ್ನು ತಬ್ಬಿಕೊಂಡನು.

"ಹೆಣೆ, ಅದ್ ದೇವ್ರ್ ಹಗ್ಗ! ಉಪ್ಪ್ ನೀರಿಗ್ ಹಾಕುದಾ?"

"ಹ್ವಾಯ್, ನಿಮ್ಮ್ ಭಕ್ತಿ ದಡದ್ ಮೇಲ್ ಮಾಡಿ. ನಂಗೆ ನನ್ ತಮ್ಮ ಬೇಕ್!"

ಹೀಗೆಂದು ಗಂಡನ ತೋಳುಗಳನ್ನು ಬಿಡಿಸಿ, ಗೆಜ್ಜೆ ಪಟ್ಟೆ ಸಮೇತ ನಲವತ್ತು ಮಾರನ್ನೂ ಕಡಲಿಗೆ ಎಸೆದಳು. ಬುಟ್ಟಿಗಳು ನೀರು ಕುಡಿದವು. ಹಗ್ಗ ಬಿಗಿದು ಒಮ್ಮೆ ಜಗ್ಗಿತು, ದೋಣಿಯು ನಿಧಾನವಾಗಿ ತಿರುಗಿ ಅಲೆಗೆ ಮುಖ ಕೊಟ್ಟಿತು. ದಾಸನು ಒಳಗೆ ಬಿದ್ದು ಕೆಮ್ಮಿದನು. ಮರುದಿನ ಸಾಯಂಕಾಲದವರೆಗೂ ಗಾಳಿ ಬೀಸಿತು, ಅವರು ಮೊಗೆದರು, ಅಕ್ಕಣಿಯೂ ಮೊಗೆದಳು. ಈರಯ್ಯನು ಎಲ್ಲರಿಗಿಂತ ಹೆಚ್ಚು ಮೊಗೆದನು.

ಗಾಳಿ ತಗ್ಗಿದ ಮೇಲೆ ಹಗ್ಗವನ್ನು ಎಳೆದುಕೊಂಡು ನೋಡಲಾಗಿ, ಅರಿಶಿನ ಹೋಗಿತ್ತು, ಗೆಜ್ಜೆ ಹೋಗಿತ್ತು, ಪಟ್ಟೆ ಹೋಗಿತ್ತು, ಏಳು ಬುಟ್ಟಿಗಳಲ್ಲಿ ಒಂದು ಹೋಗಿತ್ತು. ದಾಸನು ಇದ್ದನು. ಅಕ್ಕಣಿಯು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಅಷ್ಟು ದಿನದಿಂದ ಅಳದೆ ಇಟ್ಟದ್ದನ್ನೆಲ್ಲ ಆಗ ಅತ್ತಳು.

ದ್ವೀಪಕ್ಕೆ ಹೋಗಿ, ಕೊಬ್ಬರಿ ತುಂಬಿಕೊಂಡು, ಸುಖವಾಗಿ ಅವರು ಊರಿಗೆ ಬರಲು, ದಡದಲ್ಲಿ ಮುದುಕಿಯು ಒಣಮೀನು ಮಾರುತ್ತ ಕುಳಿತಿದ್ದಳು. ಅವಳ ಮುಂದಿದ್ದ ಬೆತ್ತದ ಬುಟ್ಟಿಯ ಅಂಚಿಗೆ ಅಕ್ಕಣಿಯ ಕೈಯ ಗಂಟು, ಅದೇ ಕೆಂಪು ನೂಲು. ಎಲ್ಲರೂ ಮರಳಿನಲ್ಲಿ ಅಡ್ಡಬಿದ್ದು ಏಳುವುದರೊಳಗೆ ಮುದುಕಿ ಇರಲಿಲ್ಲ. ಆಗ ಈರಯ್ಯನು ಕಣ್ಣೊರೆಸಿಕೊಂಡು, ನಮ್ಮನ್ನು ಕಾಯ್ದ ಈ ಹಗ್ಗಕ್ಕೆ ಬೆಳ್ಳಿಯ ಪೆಟ್ಟಿಗೆ ಮಾಡಿಸಿ ದೇವರ ಕೋಣೆಯಲ್ಲಿ ಇಡೋಣವೆಂದನು. ಅಕ್ಕಣಿಯು ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಹಗ್ಗವನ್ನು ಅವನ ಹೆಗಲಿಗೇ ಹೊರಿಸಿ, ಬೇಲಿಯ ಮೇಲೆ ಒಣಗಿಸಿ ದೋಣಿಯಲ್ಲಿಡಲು ಕಳುಹಿಸಿದಳು. ಅಂದಿನಿಂದ ಅವರ ಮನೆಯಲ್ಲಿ ವರ್ಷವರ್ಷವೂ ಹೊಸ ಹಗ್ಗ, ದೋಣಿ ತುಂಬ ಸರಕು, ದಾಸನಿಗೆ ಮೂರು ಮಕ್ಕಳು.

ಈ ಕಥೆಯನ್ನು ಓದಿದವರ, ಕೇಳಿದವರ, ಮತ್ತೊಬ್ಬರಿಗೆ ಹೇಳಿದವರ ಮನೆಯಿಂದ ಕಡಲಿಗೆ ಹೋದವರೆಲ್ಲ, ಅಕ್ಕಣಿಯ ತಮ್ಮ ಬಂದ ಹಾಗೆ, ತಿರುಗಿ ಬರುವರು. ದೋಣಿಯಿಲ್ಲದ ಮನೆಯವರು ದೀಪದ ಮುಂದಿನ ಉಪ್ಪುನೀರಿನ ಪಾತ್ರೆಯಲ್ಲಿ ಹಗ್ಗವನ್ನು ಅದ್ದಿದರೂ ಅಷ್ಟೇ ಫಲವುಂಟು. ಅಕ್ಷತೆ ಹಾಕಿದಿರಾ? ಹಾಕಿದ ಮೇಲೆ ಕೈಮುಗಿದು ಕೂರಬೇಡಿರಿ. ಏಳಿರಿ, ಹಗ್ಗ ಒದ್ದೆ ಮಾಡಿರಿ.