ಹಿಂದಿನ ಚಕ್ರದ ನಟ್ಟು

"ತಾಯಿ, ನನ್ನ ಬುದ್ಧಿಯಲ್ಲೇ ಬಲವಿಲ್ಲವೇ?" ಎಂದು ದಾನಮ್ಮ ಕೇಳಿದಳು.

ಅವಳು ಗುರುತಾಯಿಯ ಮಠದಲ್ಲಿ ಒಂಬತ್ತು ವರ್ಷಗಳಿಂದ ಓದುತ್ತಿದ್ದ ಶಿಷ್ಯೆ. ಊರೂರಿಗೆ ಹೋಗಿ ಜನರ ಮುಂದೆ ನಾಲ್ಕು ಒಳ್ಳೆಯ ಮಾತು ಆಡಿ ಬರುವುದು ಅವಳ ಕೆಲಸ. ಪ್ರತಿ ಸಲವೂ ಹೊರಡುವ ಮುನ್ನ, ಆಡಬೇಕಾದ ಮಾತನ್ನು ಹಾಳೆಯಲ್ಲಿ ಬರೆದು ಗುರುತಾಯಿಯ ಮುಂದಿಡುತ್ತಿದ್ದಳು. ಅವರು ಅಲ್ಲಲ್ಲಿ ತಿದ್ದಿ ಹೂಂ ಎಂದ ಮೇಲೆಯೇ ಹೊರಡುತ್ತಿದ್ದಳು. ಹಿಂದಿನ ದಿನ ಒಂದು ಊರಿನಲ್ಲಿ ಮುದುಕನೊಬ್ಬ ಎದ್ದು ನಿಂತು ಏನೋ ಕೇಳಿದ. ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ಗುರುಗಳನ್ನು ಕೇಳಿ ಬಂದು ಹೇಳುತ್ತೇನೆ" ಎಂದಳು. ಸಭೆಗೆ ಸಭೆಯೇ ನಕ್ಕಿತು.

"ಇನ್ನು ನಾನು ಎಲ್ಲಿಗೂ ಹೋಗುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆದುಕೊಂಡಿರುತ್ತೇನೆ. ಅಷ್ಟೇ ನನ್ನ ಯೋಗ್ಯತೆ" ಎಂದಳು.

ಗುರುತಾಯಿ ಅಲ್ಲಿ ಕೂತಿದ್ದ ಶಿಷ್ಯರೆಲ್ಲರ ಕಡೆಗೆ ತಿರುಗಿದರು. ಆಮೇಲೆ, "ಒಬ್ಬ ಮೀನಿನವಳಿದ್ದಳು" ಎಂದರು.

ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೊಟ್ಟ ಮಾಡಿದ್ದು ಅವರಿಗೆ ಕಂಡಿತು. "ವಾಸನೆ ಬರುತ್ತಿದ್ದರೆ ಎದ್ದು ಹೋಗಿ ಗಾಳಿಗೆ ಕೂತುಕೊಳ್ಳಿ. ಅವಳನ್ನು ನಾನು ಹೊರಗೆ ನಿಲ್ಲಿಸುವುದಿಲ್ಲ" ಎಂದರು. ಯಾರೂ ಏಳಲಿಲ್ಲ. ಅವರು ಕತೆ ಮುಂದುವರಿಸಿದರು.

ಮೀನಿನವಳ ಗಂಡ ಸತ್ತಾಗ ಅವಳಿಗೆ ಉಳಿದದ್ದು ಒಂದು ಹಳೆಯ ಮೋಟರ್ ಸೈಕಲ್ಲು. "ಅದನ್ನು ಮಾರು. ಸಂತೆಯಲ್ಲಿ ನನ್ನ ಅಂಗಡಿಯ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತುಕೋ. ನಾನು ಕೊಟ್ಟದ್ದನ್ನು ಮಾರು" ಎಂದ ಅವಳ ಭಾವ. ಅವಳು ಮಾರಲಿಲ್ಲ. ಬಿದ್ದು ಎದ್ದು ಗಾಡಿ ಓಡಿಸಲು ಕಲಿತಳು. ಬೆಳಗ್ಗೆ ಕೆರೆಯ ದಡದಲ್ಲಿ ಮೀನು ತೆಗೆದುಕೊಂಡು, ಐಸಿನ ಪೆಟ್ಟಿಗೆಗೆ ತುಂಬಿ, ಹನ್ನೆರಡು ಹಳ್ಳಿ ಸುತ್ತಿ ಮಾರಿದಳು. ಮೀನು ಕಾಯುವ ಸರಕಲ್ಲ. ಐಸು ಕರಗುವುದರೊಳಗೆ ಊರು ಮುಗಿಸಬೇಕು. ದಾರಿಯಲ್ಲಿ ನಿಂತರೆ ಆ ದಿನದ ದುಡಿಮೆ ನಾಯಿಪಾಲು.

ಓದು ಬರಹವನ್ನು ಅವಳು ಯಾರ ಮುಂದೆಯೂ ಕೂತು ಕಲಿತವಳಲ್ಲ. ಮೀನು ಕಟ್ಟಿಕೊಡುವ ಹಳೆಯ ಪತ್ರಿಕೆಗಳ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದು ಹಿಡಿದಿದ್ದಳು. ಚಕ್ರ ಬಿಚ್ಚಿ ಪಂಕ್ಚರ್ ಹಾಕುವುದನ್ನೂ ಹಾಗೆಯೇ ನೋಡಿ ನೋಡಿ ಕಲಿತಳು. ಮೊಳದುದ್ದದ ಹಿಡಿಯಿರುವ ಸ್ಪ್ಯಾನರ್, ಅಂಟು, ರಬ್ಬರಿನ ತುಂಡು, ಕೈಪಂಪು ಎಲ್ಲವೂ ಮೀನಿನ ಪೆಟ್ಟಿಗೆಯ ಪಕ್ಕದ ಚೀಲದಲ್ಲಿರುತ್ತಿದ್ದವು.

ಒಂದು ದಿನ ನಡುದಾರಿಯಲ್ಲಿ ಹಿಂದಿನ ಚಕ್ರಕ್ಕೆ ಮೊಳೆ ಚುಚ್ಚಿತು. ಅವಳು ಹೆದರಲಿಲ್ಲ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಚಕ್ರದ ಅಚ್ಚಿನ ನಟ್ಟಿಗೆ ಸ್ಪ್ಯಾನರ್ ತೊಡಿಸಿ ತಿರುಗಿಸಿದಳು. ಅಲುಗಲಿಲ್ಲ. ಎರಡೂ ಕೈ ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಪ್ಯಾನರಿನ ಹಿಡಿಯ ಮೇಲೆಯೇ ಹತ್ತಿ ನಿಂತಳು. ನಟ್ಟು ಕೂತಲ್ಲೇ ಕೂತಿತ್ತು. ಅಂಗೈ ಸುಲಿಯಿತು. ಕೊನೆಗೆ ಟೆಂಪೋದವನೊಬ್ಬನನ್ನು ಅಂಗಲಾಚಿ, ಗಾಡಿಯನ್ನು ಅದರಲ್ಲಿ ಹೇರಿಸಿ, ತಾನು ಯಾವಾಗಲೂ ಹೋಗುತ್ತಿದ್ದ ಪೇಟೆಯ ಮೆಕ್ಯಾನಿಕ್‌ನ ಅಂಗಡಿಗೆ ಬಂದಳು. ಅಷ್ಟರಲ್ಲಿ ಮೀನು ಕೆಟ್ಟಿತ್ತು.

ಮೆಕ್ಯಾನಿಕ್ ಪಿಸ್ತೂಲಿನಂಥ ಯಂತ್ರವೊಂದನ್ನು ತಂದು ನಟ್ಟಿಗೆ ಇಟ್ಟ. ಟರ್ರ್ ಎಂದಿತು. ನಟ್ಟು ಅವನ ಅಂಗೈಗೆ ಬಿತ್ತು.

"ನೋಡಿದ್ಯಾ ಅಕ್ಕಾ? ಮೀನು ಹೆಚ್ಚಿದ ಹಾಗಲ್ಲ ಇದು. ಕಸುವಿರೋ ಕೈ ಬೇಕು" ಎಂದ.

"ಕಸುವು ನಿಂದೋ, ಯಂತ್ರದ್ದೋ?"

"ಯಂತ್ರ ಹಿಡಿಯೋಕೂ ಒಂದು ಕೈ ಬೇಕಲ್ಲಕ್ಕಾ" ಎಂದು ನಕ್ಕ. ಪಂಕ್ಚರ್ ಹಾಕಿ, ಚಕ್ರ ಕೂಡಿಸಿ, ಅದೇ ಯಂತ್ರದಿಂದ ನಟ್ಟನ್ನು ಬಿಗಿದ. ಟರ್ರ್, ಟರ್ರ್, ಟರ್ರ್. ಅವಳು ಅದನ್ನು ಕಣ್ಣಾರೆ ನೋಡಿದಳು. ನೋಡಿಯೂ ಅವಳಿಗೆ ಆಗ ಏನೂ ಹೊಳೆಯಲಿಲ್ಲ.

ಹೀಗೆ ಮೂರು ಸಲ ಆಯಿತು. ಮೂರು ಸಲವೂ ಮೀನು ಕೆಟ್ಟಿತು. ಮೂರು ಸಲವೂ ಭಾವ, "ಹೆಂಗಸಿನ ಕೈಲಿ ಆಗೋ ಕೆಲಸ ಅಲ್ಲ ಅಂತ ಹೇಳಿರಲಿಲ್ವಾ?" ಎಂದ. ಅವಳಿಗೂ ಹಾಗೆಯೇ ಅನ್ನಿಸತೊಡಗಿತು. ಊಟಕ್ಕೆ ಕೂತಾಗ ತನ್ನ ಕೈಯನ್ನು ತಾನೇ ಹೀನವಾಗಿ ನೋಡಿಕೊಂಡಳು. ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಗಾಡಿ ಮಾರಿ ಭಾವನ ಅಂಗಡಿಯ ಪಕ್ಕ ಕೂರುವುದೇ ಸರಿ ಎಂದುಕೊಂಡಳು. ಆದರೆ ಅವಳಲ್ಲಿ ಹಟ ಇನ್ನೂ ಸತ್ತಿರಲಿಲ್ಲ. ಕೈಯಲ್ಲಿ ಕಸುವಿಲ್ಲದಿದ್ದರೆ ಕಸುವನ್ನೇ ಕೊಂಡು ತರುತ್ತೇನೆ ಎಂದು ಹಾರ್ಡ್‌ವೇರ್ ಅಂಗಡಿಗೆ ಹೋದಳು.

ಆ ಯಂತ್ರಕ್ಕೆ ಇಂಪ್ಯಾಕ್ಟ್ ರೆಂಚ್ ಎನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಒಂದು ಸುತ್ತಿಗೆ ಇದೆ. ನಟ್ಟನ್ನು ತಿರುಗಿಸುತ್ತಲೇ ಬಡಿಯುತ್ತದೆ, ಬಡಿಯುತ್ತಲೇ ತಿರುಗಿಸುತ್ತದೆ. ತುಕ್ಕು ಹಿಡಿದು ವರ್ಷಗಟ್ಟಲೆ ಕೂತ ನಟ್ಟೂ ಆ ಬಡಿತಕ್ಕೆ ಬಿಡುತ್ತದೆ. ಹಿಡಿದವರ ಕೈ ನೋಯುವುದಿಲ್ಲ.

ಅಂಗಡಿಯವನು ಎಲ್ಲಕ್ಕಿಂತ ದೊಡ್ಡದನ್ನು ತಂದು ಅವಳ ಮುಂದಿಟ್ಟ. "ಲಾರಿ ಚಕ್ರವನ್ನೂ ಬಿಚ್ಚುತ್ತೆ ಅಮ್ಮಾ. ಇದನ್ನೇ ತಗೊಂಡು ಹೋಗಿ."

"ನನ್ನ ಹತ್ತಿರ ಲಾರಿ ಇಲ್ಲ. ಮೋಟರ್ ಸೈಕಲ್ಲಿಗೆ ಎಷ್ಟು ಬಲ ಸಾಕು, ಹೇಳಿ."

"ಅದೆಲ್ಲ ನಿಮಗೆ ತಿಳಿಯೋದಲ್ಲ. ಮನೇಲಿ ಗಂಡಸರಿದ್ದರೆ ಕಳಿಸಿ."

"ಗಂಡಸರು ಸತ್ತಿದ್ದಾರೆ. ಕಳಿಸೋಕಾಗಲ್ಲ. ಆ ಡಬ್ಬಿಗಳಲ್ಲಿರೋ ಚೀಟಿ ಕೊಡಿ ಇಲ್ಲಿ."

ಅಂಗಡಿಯ ಮೆಟ್ಟಿಲ ಮೇಲೆ ಕೂತು ಮೂರು ಡಬ್ಬಿಗಳ ಚೀಟಿಯನ್ನೂ ಬೆರಳಿಟ್ಟು ಓದಿದಳು. ಗಿರಾಕಿಗಳು ಅವಳನ್ನು ದಾಟಿಕೊಂಡು ಹೋದರು, ಬಂದರು. ಅವಳು ಏಳಲಿಲ್ಲ. ದೊಡ್ಡ ಯಂತ್ರ ಸಣ್ಣ ಬೋಲ್ಟಿನ ಕತ್ತನ್ನೇ ಮುರಿಯುತ್ತದೆ ಎಂದು ತಿಳಿಯಿತು, ಅದನ್ನು ಬಿಟ್ಟಳು. ತೀರ ಸಣ್ಣದು ಅಚ್ಚಿನ ನಟ್ಟಿಗೆ ಸಾಲದು, ಅದನ್ನೂ ಬಿಟ್ಟಳು. ಒಂದೇ ಕೈಯಲ್ಲಿ ಎತ್ತಿ ಹಿಡಿಯಬಹುದಾದ, ವೇಗವನ್ನು ಹೆಚ್ಚು ಕಡಿಮೆ ಮಾಡಬಹುದಾದ ನಡುವಿನದನ್ನು ಆರಿಸಿದಳು. ಗಾಡಿ ನಿಲ್ಲುವ ಅಂಗಳದಲ್ಲಿ ಪ್ಲಗ್ಗಿಲ್ಲ, ಇದ್ದರೂ ಕರೆಂಟಿನ ಭರವಸೆಯಿಲ್ಲ. ಆದ್ದರಿಂದ ಬ್ಯಾಟರಿಯದನ್ನೇ ಕೇಳಿದಳು. ಅಂಗಡಿಯವನು ಜೊತೆಗೆ, ಯಂತ್ರದ ಮೂತಿಗೆ ಸಿಕ್ಕಿಸಿ ನಟ್ಟಿಗೆ ತೊಡಿಸುವ ಥಳಥಳಿಸುವ ಸಾಕೆಟ್ಟುಗಳನ್ನು ಕೊಟ್ಟ. "ಇವು ಕೈಯಲ್ಲಿ ತಿರುಗಿಸುವಂಥವು. ಯಂತ್ರದ ಏಟಿಗೆ ಸೀಳಿ ಮುಖಕ್ಕೆ ಸಿಡಿಯುತ್ತವೆ ಅಂತ ನಿಮ್ಮ ಚೀಟಿಯಲ್ಲೇ ಬರೆದಿದೆ. ದಪ್ಪಗಿರೋ ಕಪ್ಪು ಸಾಕೆಟ್ ಕೊಡಿ" ಎಂದಳು. ಅವನು ಒಳಗೆ ಹೋಗಿ ಹುಡುಕಿ ತಂದುಕೊಟ್ಟ.

ಚೀಟಿಯಲ್ಲಿ ಇನ್ನೊಂದು ಸಾಲಿತ್ತು. ಬಿಗಿಯುವಾಗ ನಟ್ಟನ್ನು ಮೊದಲು ಬೆರಳಿನಿಂದ ಸುತ್ತಿ, ಕೊನೆಯ ಬಿಗಿತವನ್ನು ಅಳತೆಯ ಸ್ಪ್ಯಾನರಿನಿಂದಲೇ ಕೊಡಿ ಎಂದಿತ್ತು. ಬೇಕಾದಷ್ಟು ಬಿಗಿಯಾದೊಡನೆ ಟಕ್ ಎನ್ನುವ ಆ ಸ್ಪ್ಯಾನರನ್ನೂ ಕೊಂಡಳು.

ಮನೆಗೆ ಬಂದು ಯಂತ್ರವನ್ನು ನಟ್ಟಿಗೆ ಇಟ್ಟಳು. ಹೊಸ ಯಂತ್ರವೂ ಸ್ವಲ್ಪ ಹೊತ್ತು ಬಡಿಯಬೇಕಾಯಿತು. ನಟ್ಟು ಬಿಸಿಯಾಗಿ ಹೊರಗೆ ಬಂತು. ಅದರ ಒಳಸುತ್ತಿನ ಥ್ರೆಡ್ಡು ಸವೆದು ಚಪ್ಪಟೆಯಾಗಿತ್ತು. ಒಳಗೆ ಕಬ್ಬಿಣದ ಪುಡಿ ಮಿನುಗುತ್ತಿತ್ತು. ಅವಳು ಅಚ್ಚನ್ನು ಒರೆಸಿ, ಹೊಸ ನಟ್ಟು ತಂದು, ಬೆರಳಿನಿಂದ ಸುತ್ತಿದಳು. ಗಾಡಿಯ ಪುಸ್ತಕದಲ್ಲಿ ಆ ನಟ್ಟಿಗೆ ಹೇಳಿದ ಅಳತೆಗೆ ಬಿಗಿದಳು. ಟಕ್ ಎಂದಿತು.

ಆಮೇಲೆ ಸುಮ್ಮನೆ ನೋಡೋಣವೆಂದು ತನ್ನ ಹಳೆಯ ಮೊಳದುದ್ದದ ಸ್ಪ್ಯಾನರ್ ತೊಡಿಸಿ ಒತ್ತಿದಳು.

ನಟ್ಟು ಬಿಟ್ಟಿತು.

ಮತ್ತೆ ಅಳತೆಗೆ ಬಿಗಿದಳು, ಮತ್ತೆ ಒತ್ತಿದಳು. ಮತ್ತೆ ಬಿಟ್ಟಿತು. ಯಂತ್ರ ಬೇಕಾಗಲಿಲ್ಲ. ಹತ್ತಿ ನಿಲ್ಲಬೇಕಾಗಲಿಲ್ಲ. ಸುಲಿದು ಕಲೆಯಾಗಿದ್ದ ಅದೇ ಅಂಗೈ ಸಾಕಾಯಿತು.

ಅವಳು ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಅವಳ ಕೈಗೆ ಯಾವತ್ತೂ ಕಸುವು ಕಡಿಮೆಯಿರಲಿಲ್ಲ. ಬೇಕಾದದ್ದರ ಮೂರು ಪಟ್ಟು, ನಾಲ್ಕು ಪಟ್ಟು ಬಿಗಿದು ಕಳಿಸಿ, ಆಮೇಲೆ ಅವಳ ಕೈಯನ್ನು ಜರೆದಿದ್ದರು. ಮೀನು ಹೋಯಿತು, ಹೋಗಲಿ. ಭಾವನ ಮಾತನ್ನೂ ಮರೆಯಬಹುದು. ತನ್ನ ಕೈಯನ್ನು ತಾನೇ ಹೀನವಾಗಿ ಕಂಡಳಲ್ಲ, ಆ ದಿನಗಳನ್ನು ತಿರುಗಿ ಕೊಡುವವರು ಯಾರು? ಅವಳ ಮೈಯೆಲ್ಲ ಉರಿದುಹೋಯಿತು. ಸವೆದ ನಟ್ಟನ್ನು ಮುಷ್ಟಿಯಲ್ಲಿ ಹಿಡಿದು ನೇರವಾಗಿ ಮೆಕ್ಯಾನಿಕ್‌ನ ಅಂಗಡಿಗೆ ಹೋದಳು.

"ಇದನ್ನು ಯಾಕೆ ಹೀಗೆ ಬಿಗಿದೆ?"

ಅವನು ನಟ್ಟನ್ನು ನೋಡಿದ, ಅವಳನ್ನು ನೋಡಿದ. ನಾಚಿಕೆಪಡಲಿಲ್ಲ. "ಎಲ್ಲರೂ ಮನೇಲೇ ಬಿಚ್ಚಿಕೊಂಡರೆ ನಾನೇನು ಇಲ್ಲಿ ಕೂತು ನೊಣ ಹೊಡೀಲಾ ಅಕ್ಕಾ?" ಎಂದ.

"ಹೊಡಿ. ನೊಣಕ್ಕಾದರೂ ರೆಕ್ಕೆ ಇದೆ, ತಪ್ಪಿಸಿಕೊಳ್ಳುತ್ತೆ" ಎಂದು ನಟ್ಟನ್ನು ಅವನ ಮೇಜಿನ ಮೇಲೆ ಕುಕ್ಕಿ ಬಂದಳು.

ಗುರುತಾಯಿ ಇಲ್ಲಿ ನಿಲ್ಲಿಸಿದರು. ಕತೆ ಮುಗಿಯಿತೆಂದು ಶಿಷ್ಯರು ತಿಳಿದರು. ದಾನಮ್ಮನ ಮುಖ ಕೆಂಪೇರಿತ್ತು. "ಅಷ್ಟಕ್ಕೇ ಬಿಟ್ಟಳೇ? ಆ ಮೆಕ್ಯಾನಿಕ್‌ನ ಅಂಗಡಿಗೆ ಬೀಗ ಹಾಕಿಸಬೇಕಿತ್ತು" ಎಂದಳು.

"ತಾಳು. ಅವನದು ಸಣ್ಣ ತಪ್ಪು. ದೊಡ್ಡದು ಇನ್ನು ಮುಂದಿದೆ" ಎಂದರು ಗುರುತಾಯಿ.

ಮೀನಿನವಳ ಸುದ್ದಿ ಹಬ್ಬಿತು. ಗಾಡಿಯಿದ್ದ ಹೆಂಗಸರು ಅವಳ ಅಂಗಳಕ್ಕೆ ಬರತೊಡಗಿದರು. ಮೀನು ಮಾರಿ ಬಂದ ಮೇಲೆ ಅವಳು ಅವರ ನಟ್ಟುಗಳನ್ನು ಬಿಚ್ಚಿ ಕೊಟ್ಟಳು, ಚಕ್ರ ತೆಗೆಯುವುದನ್ನು ಹೇಳಿಕೊಟ್ಟಳು. ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ನರ್ಸ್ ಒಬ್ಬಳು ಅವರಲ್ಲಿದ್ದಳು. ಬೇಗ ಕಲಿತಳು.

ಒಂದು ಸಂಜೆ ಆ ನರ್ಸಿನ ಗಾಡಿಯ ಚಕ್ರ ಕೂಡಿಸಿಯಾಗಿತ್ತು. ಬಿಗಿಯುವುದೊಂದು ಬಾಕಿ. ಅಳತೆಯ ಸ್ಪ್ಯಾನರ್ ಮನೆಯ ಒಳಗಿತ್ತು. ಎದ್ದು ಹೋಗಿ ತರಬೇಕಿತ್ತು. ಯಂತ್ರ ಕೈಯಲ್ಲೇ ಇತ್ತು. ಬೇಲಿಯ ಆಚೆ ನಾಲ್ಕು ಜನ ಅದರ ಸದ್ದು ಕೇಳಿ ನಿಂತು ಬೆರಗಾಗಿ ನೋಡುತ್ತಿದ್ದರು. ಮೀನಿನವಳು ಯಂತ್ರದ ಗುಂಡಿಯನ್ನು ಬಿಚ್ಚುವ ಕಡೆಯಿಂದ ಬಿಗಿಯುವ ಕಡೆಗೆ ಒತ್ತಿದಳು. ಟರ್ರ್, ಟರ್ರ್, ಟರ್ರ್.

ಹದಿನೈದು ದಿನ ಕಳೆದ ಮೇಲೆ ಆ ನರ್ಸ್ ಪಂಕ್ಚರ್ ಆದ ಗಾಡಿ ತಳ್ಳಿಕೊಂಡು ಬಂದಳು. ಬೆವರಿ ನೀರಾಗಿದ್ದಳು. ಮದ್ದಿನ ಡಬ್ಬಿಯ ಐಸು ಕರಗಿಹೋಗಿತ್ತು. ಒಂದು ಹಳ್ಳಿಯ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕಾದು ಕಾದು ಮನೆಗೆ ಹೋಗಿದ್ದರು.

"ನೀವು ಹೇಳಿಕೊಟ್ಟ ಹಾಗೇ ಮಾಡಿದೆ ಅಕ್ಕಾ. ನಟ್ಟು ಅಲುಗಲೇ ಇಲ್ಲ. ನಿಮ್ಮ ಕೈಯ ಕಸುವು ನಮಗೆಲ್ಲಿಂದ ಬರಬೇಕು?" ಎಂದು ಅಂಗೈ ತೋರಿಸಿದಳು. ಸುಲಿದಿತ್ತು.

ಆ ಮಾತು ಕೇಳಿ ಮೀನಿನವಳಿಗೆ ಮೊದಲು ಹಿತವಾಯಿತು.

ಇದನ್ನು ಹೇಳಿ ಗುರುತಾಯಿ ನೀರಿನ ಚೊಂಬಿಗೆ ಕೈ ಚಾಚಿದರು. ನೀರು ಕುಡಿದು ಮುಂದುವರಿಸಿದರು.

ಮೊದಲು ಹಿತವಾಯಿತು. ಆಮೇಲೆ ಅವಳ ಕಣ್ಣು ಆ ಅಂಗೈಯ ಮೇಲೆ ಬಿತ್ತು. ಮೆಕ್ಯಾನಿಕ್‌ನ ಮೇಲೆ ಉರಿದಿದ್ದ ಸಿಟ್ಟು ಈಗ ತನ್ನ ಮೇಲೆಯೇ ತಿರುಗಿತು. ಅವನಿಗೆ ಹೊಟ್ಟೆಪಾಡಿತ್ತು. ಅವಳಿಗೆ ಅದೂ ಇರಲಿಲ್ಲ. ಬೇಲಿಯಾಚೆ ನಿಂತ ನಾಲ್ಕು ಜನರ ಕಣ್ಣಿಗಾಗಿ ಒಂದು ಹೆಣ್ಣಿನ ಕೈಯನ್ನು ಅವಳು ಹೀನ ಮಾಡಿದ್ದಳು.

"ನಿನ್ನ ಕೈಗೆ ಏನೂ ಆಗಿಲ್ಲ ತಂಗೀ. ಕೆಟ್ಟ ಕೆಲಸ ಮಾಡಿದವಳು ನಾನು" ಎಂದಳು. ಯಂತ್ರದಿಂದ ನಟ್ಟನ್ನು ಬಿಡಿಸಿ, ಯಂತ್ರವನ್ನು ದೂರ ಇಟ್ಟಳು. ಅಳತೆಯ ಸ್ಪ್ಯಾನರನ್ನೂ ಹಳೆಯ ಸ್ಪ್ಯಾನರನ್ನೂ ನರ್ಸಿನ ಕೈಗೆ ಕೊಟ್ಟಳು. ಅವಳಿಂದಲೇ ಬಿಗಿಸಿದಳು, ಅವಳಿಂದಲೇ ಬಿಚ್ಚಿಸಿದಳು. ಐದು ಸಲ ಬಿಗಿಸಿ ಬಿಚ್ಚಿಸಿ, ಐದನೆಯ ಸಲ ನರ್ಸ್ ತಾನೇ ನಕ್ಕ ಮೇಲೆ ಕಳಿಸಿಕೊಟ್ಟಳು. ಅಂದಿನಿಂದ ಅವಳ ಅಂಗಳದಲ್ಲಿ ಯಾರ ನಟ್ಟನ್ನೂ ಗಾಡಿಯ ಒಡತಿಯಲ್ಲದೆ ಬೇರೆ ಯಾರೂ ಬಿಗಿಯಲಿಲ್ಲ.

ಆ ನರ್ಸ್ ಮತ್ತೆ ಬರಲಿಲ್ಲ. ಬರುವ ಅಗತ್ಯ ಬೀಳಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಬರುವುದು ನಿಂತಿತು. ಬೇಲಿಯಾಚೆ ನಿಲ್ಲುವವರೂ ಇಲ್ಲವಾದರು. ಅಂಗಳ ಬರಿದಾಯಿತು. ಮೀನಿನವಳಿಗೆ ಅದು ಸುಲಭವಾಗಿರಲಿಲ್ಲ. ಆದರೂ ಬೆಳಗ್ಗೆ ಎದ್ದು ಪೆಟ್ಟಿಗೆಗೆ ಐಸು ತುಂಬಿ, ತನ್ನ ಹನ್ನೆರಡು ಹಳ್ಳಿಗೆ ಹೊರಟಳು.

ಕತೆ ಮುಗಿಯಿತು. ದಾನಮ್ಮ ಎದ್ದು ನಿಂತಳು.

"ಹಾಗಾದರೆ ನನ್ನ ಒಂಬತ್ತು ವರ್ಷ? ನಿಮ್ಮನ್ನು ಕೇಳದೆ ಒಂದು ಮಾತೂ ಹೊರಡದ ಹಾಗೆ ನನ್ನನ್ನು ಬಿಗಿದವರು ಯಾರು, ತಾಯಿ?"

"ನೀನು ಹಾಳೆ ಹಿಡಿದು ಬಂದಾಗಲೆಲ್ಲ ನನಗೆ ಹಿತವಾಗುತ್ತಿತ್ತು, ಮಗಳೇ" ಎಂದರು ಗುರುತಾಯಿ.