ಬೆಳ್ಯಪ್ಪನ ಕೋವಿಗೆ ಯಾವ ತೋಟಾ

ಬೆಳ್ಯಪ್ಪನಿಗೆ ಬುದ್ಧಿ ಎಷ್ಟಿತ್ತು ಅಂದರೆ, ಹೇಳಿದ್ದಷ್ಟು. ಅದರ ಮೇಲೆ ಒಂದು ಕಾಳು ಹೆಚ್ಚಿಲ್ಲ. ಕೊಡಗಿನ ಒಂದು ಗುಡ್ಡದ ತುದಿಯಲ್ಲಿ ಅವನೂ ಅವನ ತಾಯಿ ದೇಚವ್ವನೂ ಇಬ್ಬರೇ. ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆಯಿಲ್ಲ. ಅಲ್ಲಿ ಸುದ್ದಿ ಹೇಳುವುದು ಕೋವಿ: ಗಂಡು ಹುಟ್ಟಿದರೆ ಒಂದು ಈಡು, ಯಾರಾದರೂ ಸತ್ತರೆ ಎರಡು. ಎರಡು ಕೇಳಿದರೆ ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು ಬರುತ್ತಾರೆ.

ದೇಚವ್ವನ ಚಿಂತೆಯೂ ಅದೇ. "ನಾನು ಸತ್ತ ದಿನ ಈ ಮಹಾರಾಯ ನೆಟ್ಟಗೆ ಎರಡು ಈಡು ಹೊಡೆದಾನಾ? ಇಲ್ಲ, ಹೆಗಲು ಕೊಡುವವರಿಲ್ಲದೆ ನಾನು ಹಾಗೇ ಬಿದ್ದಿರಬೇಕಾ?"

ಹಾಗಾಗಿ ಕಲಿಸಲು ಹೊರಟಳು. "ಗದ್ದೆಗೆ ಗಿಳಿ ಬಿದ್ದಿದೆ, ಓಡಿಸು" ಅಂದಳು. ಬೆಳ್ಯಪ್ಪ ಕೋವಿಗೆ ಒಂಟಿ ಗುಂಡಿನ ತೋಟಾ ತುಂಬಿ ಹೊಡೆದ. ಗಿಳಿಗಳು ಹಾರಿದವು, ಅಂಗಳದ ತಾಮ್ರದ ಹಂಡೆ ತೂತಾಯಿತು.

"ಅಯ್ಯೋ ಮಂಕೇ, ಸಣ್ಣದಕ್ಕೆ ಸಣ್ಣ ಚರೆಯ ತೋಟಾ ಕಣೋ. ಅದು ಹರಡಿಕೊಂಡು ಹೋಗುತ್ತೆ."

"ಆಯ್ತವ್ವ."

ಆಮೇಲೆ ಕಾಡುಹಂದಿ ಬಂತು. ಗದ್ದೆಯ ಆಚೆ ಬದಿಯಲ್ಲಿ ನಿಂತಿದ್ದ ಅದು ಈಚೆಯಿಂದ ಹೆಬ್ಬೆರಳಿನಷ್ಟೇ ಕಂಡಿತು. ಸಣ್ಣದು ತಾನೇ? ಸಣ್ಣ ಚರೆ ಹೊಡೆದ. ಹಂದಿ ಮೈ ಕೊಡವಿಕೊಂಡು ಅರ್ಧ ಗದ್ದೆ ಉತ್ತು ಹೋಯಿತು.

"ದೂರ ನಿಂತರೆ ಹಂದಿ ಗಿಳಿಯಾಗುತ್ತಾ? ದೊಡ್ಡದಕ್ಕೆ ಒಂಟಿ ಗುಂಡು."

"ಆಯ್ತವ್ವ."

ಅವನ ಅಕ್ಕ ತವರಿಗೆ ಬಂದು ಗಂಡು ಹೆತ್ತಳು. "ಆಕಾಶಕ್ಕೆ ಒಂದು ಈಡು ಹೊಡಿ" ಅಂದಳು ದೇಚವ್ವ. ಆಕಾಶಕ್ಕಿಂತ ದೊಡ್ಡದು ಯಾವುದಿದೆ? ಒಂಟಿ ಗುಂಡು ಹೊಡೆದ. ಹಲಸಿನ ಕೊಂಬೆ ಮುರಿದು ಕೊಟ್ಟಿಗೆಯ ಹೆಂಚಿನ ಮೇಲೆ ಬಿತ್ತು.

ದೇಚವ್ವ ಈ ಸಲ ಬೈಯಲೂ ಇಲ್ಲ. ಅವಳಿಗೆ ಸಾಕಾಗಿತ್ತು. "ಸುದ್ದಿಗೆ ಚರೆಯೂ ಬೇಡ, ಗುಂಡೂ ಬೇಡ. ಬರಿ ಮದ್ದಿನ ತೋಟಾ, ಸದ್ದಷ್ಟೇ ಮಾಡುತ್ತೆ. ಇನ್ನು ಮೇಲೆ ನನಗೆ ತೋರಿಸು. ನಾನು ಹೂಂ ಅನ್ನದೆ ಕೋವಿಗೆ ಏನೂ ತುಂಬಬೇಡ."

"ಆಯ್ತವ್ವ."

ಅಕ್ಕ ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೋದಳು. ಚಳಿಗಾಲ ಬಂತು. ಒಂದು ಬೆಳಿಗ್ಗೆ ದೇಚವ್ವ ಏಳಲಿಲ್ಲ.

ಬೆಳ್ಯಪ್ಪನಿಗೆ ಗೊತ್ತಾಯಿತು. ಬಹಳ ಅತ್ತ. ಆಮೇಲೆ ಪೆಟ್ಟಿಗೆ ತೆಗೆದು ಚರೆಯದನ್ನು ಬದಿಗಿಟ್ಟ, ಗುಂಡಿನದನ್ನು ಬದಿಗಿಟ್ಟ, ಬರಿ ಮದ್ದಿನ ಎರಡು ತೋಟಾ ಆರಿಸಿದ. ಹುಟ್ಟಿದ ಮೇಲೆ ಮೊದಲ ಸಲ ಅವನು ತಪ್ಪಲಿಲ್ಲ.

ಮಾರನೇ ದಿನ ಮಧ್ಯಾಹ್ನ, ಕೆಳಗಿನ ಊರಿನ ಪೂವವ್ವ ಮೊಸರಿಗೆ ಹೆಪ್ಪು ಕೇಳಲು ಹತ್ತಿ ಬಂದಳು. ಒಳಗೆ ಬೆಳ್ಯಪ್ಪ ತಾಯಿಯ ಮುಖದ ಮುಂದೆ ಅಂಗೈ ಚಾಚಿ ಕೂತಿದ್ದ. ಅಂಗೈಯಲ್ಲಿ ಎರಡು ತೋಟಾ, ತೊಡೆಯ ಮೇಲೆ ಖಾಲಿ ಕೋವಿ.

"ದೇಚವ್ವ ಹೋಗಿಬಿಟ್ಟಳಲ್ಲೋ! ಈಡು ಯಾಕೋ ಹೊಡೆಯಲಿಲ್ಲ?"

"ನಿನ್ನೆಯಿಂದ ತೋರಿಸ್ತಾ ಇದೀನಿ ಪೂವಕ್ಕ" ಅಂದ ಬೆಳ್ಯಪ್ಪ. "ಅವ್ವ ಇನ್ನೂ ಹೂಂ ಅಂದಿಲ್ಲ."